ಊಟ, ತೂಕ, ಪ್ಯಾಕೆಟ್ಟು: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನೂಡಲ್ಸ್, ಬಿಸ್ಕತ್ತು ಎಲ್ಲ ಸಂಸ್ಕರಿತ ಆಹಾರ, ಮಕ್ಕಳಿಗೆ ಬೇಡ ಅಂದರೆ ಅತ್ತೆ, ‘ಹಾಗಾದರೆ ನಮ್ಮ ಹಲಸಿನ ಹಪ್ಪಳ, ಅವಲಕ್ಕಿ, ಅಪ್ಪೆಮಿಡಿ ಉಪ್ಪಿನಕಾಯಿ ಮರದಲ್ಲೇ ಬಿಟ್ಟದ್ದಾ?’ ಎಂದು ಕೇಳುತ್ತಾರೆ. ಏನು ಹೇಳಲಿ?
– ಗೃಹಿಣಿ, ಕುಮಟಾ

ಉತ್ತರ: ನಿಮ್ಮ ಅತ್ತೆ ಕೇಳಿದ್ದು ಸರಿಯಾಗಿಯೇ ಇದೆ. ಭತ್ತ ಕುಟ್ಟಿ ಅವಲಕ್ಕಿ ಮಾಡುವುದೂ ಸಂಸ್ಕರಣೆಯೇ. ಎಷ್ಟರ ಮಟ್ಟಿಗೆ, ಯಾತಕ್ಕಾಗಿ ಎಂಬುದರಲ್ಲಿ ವ್ಯತ್ಯಾಸ. ಬ್ರೆಜಿಲ್‌ನ ಕಾರ್ಲೋಸ್ ಮೊಂಟೆರೊ ಮತ್ತು ಸಂಗಡಿಗರು ರೂಪಿಸಿದ ‘ನೋವಾ’ ವಿಂಗಡಣೆಯಲ್ಲಿ ನಾಲ್ಕು ಗುಂಪುಗಳಿವೆ. ಅಕ್ಕಿ, ಅವಲಕ್ಕಿ, ಹಸಿಮೀನು, ಹಾಲು ಮೊದಲನೆಯದು. ಎಣ್ಣೆ, ಸಕ್ಕರೆ, ಉಪ್ಪು ಎರಡನೆಯದು. ಇವೆರಡು ಸೇರಿ ಆಗುವ ಉಪ್ಪಿನಕಾಯಿ, ಹಪ್ಪಳ, ಒಣಮೀನು ಮೂರನೆಯದು. ನಾಲ್ಕನೆಯದಕ್ಕೆ ಅತಿಸಂಸ್ಕರಿತ ಎಂದು ಹೆಸರು: ಮಾಲ್ಟೋಡೆಕ್ಸ್‌ಟ್ರಿನ್, ಇನ್ವರ್ಟ್ ಸಿರಪ್, ಎಮಲ್ಸಿಫೈಯರ್, ಕೃತಕ ಪರಿಮಳ ಹೀಗೆ ಯಾವ ಅಡುಗೆಮನೆಯ ಡಬ್ಬದಲ್ಲೂ ಸಿಗದ ಸಾಮಗ್ರಿ ಹಾಕಿ ಕಾರ್ಖಾನೆಯಲ್ಲಿ ತಯಾರಾದದ್ದು. ಪ್ಯಾಕೆಟ್ ನೂಡಲ್ಸ್, ಬಿಸ್ಕತ್ತು ಬರುವುದು ಇಲ್ಲಿ.

ಈ ನಾಲ್ಕನೆಯದನ್ನೇ ಹಿಡಿದು ಮಾತಾಡಲು ಕಾರಣವಿದೆ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ಕೆವಿನ್ ಹಾಲ್ ತಂಡ 2019ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ 20 ಜನರಿಗೆ ಎರಡು ವಾರ ಅತಿಸಂಸ್ಕರಿತ ಊಟ, ಎರಡು ವಾರ ಸಾದಾ ಊಟ ಬಡಿಸಿದರು. ಮುಂದಿಟ್ಟ ಊಟದಲ್ಲಿ ಸಕ್ಕರೆ, ಕೊಬ್ಬು, ಉಪ್ಪು, ನಾರು ಎರಡೂ ಕಡೆ ಹೆಚ್ಚುಕಡಿಮೆ ಸಮ. ಬೇಕಾದಷ್ಟು ತಿನ್ನಿ ಅಂದದ್ದಕ್ಕೆ ಅತಿಸಂಸ್ಕರಿತ ಊಟದಲ್ಲಿ ದಿನಕ್ಕೆ ಸುಮಾರು 500 ಕ್ಯಾಲೊರಿ ಜಾಸ್ತಿ ಹೊಟ್ಟೆಗೆ ಹೋಯಿತು, ಸುಮಾರು 0.9 ಕಿಲೊ ತೂಕ ಏರಿತು. ಅದನ್ನು ಅವರು ಬೇಗ ಬೇಗ ತಿನ್ನುತ್ತಿದ್ದರು ಎಂಬುದೂ ದಾಖಲಾಗಿದೆ. ಅಗಿಯುವ ಕೆಲಸ ಕಡಿಮೆಯಾದಾಗ ಹೊಟ್ಟೆ ತುಂಬಿದ್ದು ತಿಳಿಯುವಷ್ಟರಲ್ಲಿ ಪ್ಯಾಕೆಟ್ ಖಾಲಿ.

ಇನ್ನು ಅಂಗಡಿಯಲ್ಲಿ ನಿಂತು ನೋಡುವ ಕ್ರಮ. ಪ್ಯಾಕೆಟ್ಟಿನ ಮುಂಭಾಗದಲ್ಲಿ ಬರೆದದ್ದು ಜಾಹೀರಾತು, ಹಿಂದೆ ತಿರುಗಿಸಿ. ಸಾಮಗ್ರಿ ಪಟ್ಟಿಯಲ್ಲಿ ತೂಕದಲ್ಲಿ ಹೆಚ್ಚಿರುವುದು ಮೊದಲು ಬರಬೇಕು ಎಂಬುದು ಕಾನೂನು. ‘ಗೋಧಿ’ ಎಂದು ಮುಂದೆ ದೊಡ್ಡಕ್ಷರವಿದ್ದರೂ ಪಟ್ಟಿಯಲ್ಲಿ ಮೈದಾ ಮೊದಲಿದ್ದರೆ ಅದು ಮೈದಾ ಬಿಸ್ಕತ್ತೇ. ಆಮೇಲೆ ಸೋಡಿಯಂ. ಮಿಲಿಗ್ರಾಂ ಲೆಕ್ಕದ ಸೋಡಿಯಂ ಅನ್ನು ಎರಡೂವರೆಯಿಂದ ಗುಣಿಸಿದರೆ ಉಪ್ಪಿನ ಲೆಕ್ಕ ಸಿಗುತ್ತದೆ. 70 ಗ್ರಾಂ ನೂಡಲ್ಸ್ ಪ್ಯಾಕೆಟ್ಟಿನಲ್ಲಿ 800 ಮಿಲಿಗ್ರಾಂ ಇತ್ತೆನ್ನಿ, ಅದು 2 ಗ್ರಾಂ ಉಪ್ಪು. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹಾಕಿಕೊಟ್ಟ ಮಿತಿಯೇ ಇಡೀ ದಿನಕ್ಕೆ 5 ಗ್ರಾಂಗಿಂತ ಕಡಿಮೆ. ಆ ಉಪ್ಪಿನ ದೊಡ್ಡ ಪಾಲು ಇರುವುದು ಮಸಾಲೆ ಪುಡಿಯ ಚೀಟಿಯಲ್ಲಿ. ಅರ್ಧ ಚೀಟಿ ಬಿಸಾಡಿ, ಎರಡು ಹಿಡಿ ಬೀನ್ಸ್–ಕ್ಯಾರೆಟ್, ಒಂದು ಮೊಟ್ಟೆ ಹಾಕಿದರೆ ವಾರಕ್ಕೊಮ್ಮೆ ಕೊಟ್ಟರೂ ಜಗಳವಿಲ್ಲ. ಐಎನ್‌ಎಸ್, ಅಂದರೆ ಆಹಾರಕ್ಕೆ ಸೇರಿಸುವ ಪದಾರ್ಥಗಳಿಗೆ ಕೊಟ್ಟ ಅಂತರರಾಷ್ಟ್ರೀಯ ಸಂಖ್ಯೆ, ಕಂಡೊಡನೆ ಬೆಚ್ಚುವ ಅಗತ್ಯವಿಲ್ಲ. 300 ಎಂದರೆ ವಿಟಮಿನ್ ಸಿ, 330 ಎಂದರೆ ಲಿಂಬೆಯಲ್ಲೇ ಇರುವ ಸಿಟ್ರಿಕ್ ಆಮ್ಲ.

ಹಾಗೆಂದು ಹಪ್ಪಳಕ್ಕೆ ವಿನಾಯಿತಿ ಇಲ್ಲ. ಕೆಂಡದಲ್ಲಿ ಸುಟ್ಟ ಹಪ್ಪಳದ ಮಾತು ಬೇರೆ, ಕೊಬ್ಬರಿ ಎಣ್ಣೆಯಲ್ಲಿ ಕರಿದದ್ದರ ಮಾತು ಬೇರೆ. ಅತ್ತೆಗೆ ಇಷ್ಟು ಹೇಳಿದರೆ ಸಾಕು, ಅವರೂ ಒಪ್ಪಿಯಾರು.

ಪ್ರಶ್ನೆ: ನಮ್ಮ ಕಡೆ ಕಾಡಿನಿಂದ ತಂದ ಉಪ್ಪಾಗೆ ಎಂಬ ಹುಳಿಹಣ್ಣಿನ ಸಿಪ್ಪೆ ಒಣಗಿಸಿ ಮಾರುತ್ತಾರೆ. ಬೊಜ್ಜು ಕರಗಿಸುವ ಮಾತ್ರೆಗೆಂದು ಹೊರದೇಶಕ್ಕೆ ಹೋಗುತ್ತದಂತೆ. ಮಾತ್ರೆಗೆ ದುಡ್ಡು ಸುರಿಯುವ ಬದಲು ಸಿಪ್ಪೆಯ ಕಷಾಯವನ್ನೇ ದಿನಾ ಕುಡಿಯಬಹುದೇ?
– ಕೃಷಿಕ, ಸಿದ್ದಾಪುರ

ಉತ್ತರ: ಮಾತ್ರೆಗೆ ಹೋಗುವುದು ನಿಜ, ಬೊಜ್ಜು ಕರಗುವುದು ಮಾತ್ರ ಸಾಬೀತಾಗಿಲ್ಲ. ಉಪ್ಪಾಗೆ ಸಿಪ್ಪೆಯಲ್ಲಿ ಹೈಡ್ರಾಕ್ಸಿಸಿಟ್ರಿಕ್ ಆಮ್ಲ ಹೇರಳವಾಗಿದೆ. ಹೆಚ್ಚಾದ ಪಿಷ್ಟವನ್ನು ದೇಹ ಕೊಬ್ಬಾಗಿ ಪರಿವರ್ತಿಸುವಾಗ ಬೇಕಾಗುವ ಒಂದು ಕಿಣ್ವವನ್ನು ಅದು ತಡೆಯುತ್ತದೆ. ಇಲಿಗಳಲ್ಲಿ ಕಂಡ ಈ ಗುಣ ಹಿಡಿದೇ ವ್ಯಾಪಾರ ಬೆಳೆಯಿತು. ಮನುಷ್ಯರ ಮೇಲೆ 1998ರಲ್ಲಿ ಅಮೆರಿಕದಲ್ಲಿ ನಡೆದ ಪರೀಕ್ಷೆಯಲ್ಲಿ ತೂಕ ಹೆಚ್ಚಿದ್ದ 135 ಜನ ಭಾಗವಹಿಸಿದ್ದರು. ಒಂದು ಗುಂಪಿಗೆ ದಿನಕ್ಕೆ 1500 ಮಿಲಿಗ್ರಾಂ ಆಮ್ಲ, ಇನ್ನೊಂದಕ್ಕೆ ಔಷಧವಿಲ್ಲದ ಹುಸಿಮಾತ್ರೆ. ಪಥ್ಯ ಇಬ್ಬರಿಗೂ ಒಂದೇ. 12 ವಾರದ ಕೊನೆಗೆ ಇಳಿದ ತೂಕದಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಸಿಗಲಿಲ್ಲ. ಅಂದರೆ ಇಳಿದದ್ದು ಪಥ್ಯದಿಂದ.

ಮೇಲಾಗಿ, ಇಂಥ ಮಾತ್ರೆ ನುಂಗಿದವರಲ್ಲಿ ಯಕೃತ್ತಿಗೆ ಪೆಟ್ಟುಬಿದ್ದ ಪ್ರಕರಣಗಳು ವೈದ್ಯಕೀಯ ಪತ್ರಿಕೆಗಳಲ್ಲಿ ವರದಿಯಾಗಿವೆ. ಸಾರಿಗೋ ಮೀನು ಪದಾರ್ಥಕ್ಕೋ ಎರಡು ಸಿಪ್ಪೆ ಹಾಕುವುದು ಅಡುಗೆ, ಅದರಿಂದ ಹೆದರಿಕೆಯಿಲ್ಲ. ಸಿಪ್ಪೆ ಕುದಿಸಿ ಬತ್ತಿಸಿದ ಗಟ್ಟಿ ಕಷಾಯ ದಿನವೂ ಕುಡಿದರೆ ಎಷ್ಟು ಆಮ್ಲ ಒಳಗೆ ಹೋಯಿತು ಎಂಬ ಅಂದಾಜೇ ಇರುವುದಿಲ್ಲ. ಹುಳಿತೇಗು ಇದ್ದವರಿಗೆ ಎದೆಯುರಿ ಗ್ಯಾರಂಟಿ. ಗರ್ಭಿಣಿಯರು, ಯಕೃತ್ತಿನ ತೊಂದರೆ ಇದ್ದವರು, ಸಕ್ಕರೆ ಕಾಯಿಲೆಯ ಮಾತ್ರೆ ತೆಗೆದುಕೊಳ್ಳುವವರು ಹತ್ತಿರವೂ ಹೋಗಬಾರದು. ಬೀಜದಿಂದ ತೆಗೆದ ಉಪ್ಪಾಗೆ ತುಪ್ಪ ತೂಕ ಇಳಿಸುತ್ತದೆ ಅನ್ನುವವರೂ ಇದ್ದಾರೆ. ಅದು ಅಪ್ಪಟ ಕೊಬ್ಬು, ಚಮಚಕ್ಕೆ ಸುಮಾರು 45 ಕ್ಯಾಲೊರಿ.

ಮುರುಗಲಿಗೂ (ಕೋಕಂ) ಇದೇ ಮಾತು. ಬಾಟಲಿಯ ಕೋಕಂ ಸಿರಪ್ಪಿನಲ್ಲಿ ತೂಕದ ಮೂರರಲ್ಲಿ ಎರಡು ಪಾಲಿನಷ್ಟು ಸಕ್ಕರೆ ಇರಬಹುದು. ಲೋಟಕ್ಕೆ 30 ಮಿಲಿ ಹಾಕಿದರೆ ಸುಮಾರು 25 ಗ್ರಾಂ, ಅಂದರೆ ಐದು ಚಮಚ ಸಕ್ಕರೆ. ‘ತಂಪು, ಒಳ್ಳೆಯದು’ ಎಂದು ಬೇಸಿಗೆಯಲ್ಲಿ ದಿನಕ್ಕೆ ಮೂರು ಲೋಟ ಕುಡಿಯುವವರಿಗೆ ಈ ಲೆಕ್ಕ ಗೊತ್ತಿರುವುದಿಲ್ಲ. ಐದಾರು ಒಣಸಿಪ್ಪೆಯನ್ನು ಒಂದು ಲೋಟ ನೀರಲ್ಲಿ ಅರ್ಧ ತಾಸು ನೆನೆಸಿ ಕಿವುಚಿ, ಹುರಿದ ಜೀರಿಗೆ ಪುಡಿ, ಚಿಟಿಕೆ ಉಪ್ಪು ಹಾಕಿ. ಉಪ್ಪು ಬೆರೆಸಿ ಒಣಗಿಸಿದ ಸಿಪ್ಪೆಯಾದರೆ ಆ ಚಿಟಿಕೆಯೂ ಬೇಡ.

ಪ್ರಶ್ನೆ: ವಯಸ್ಸು 42, ಎತ್ತರ 168 ಸೆಂ.ಮೀ., ತೂಕ 79 ಕಿಲೊ. ಕುರ್ಚಿ ಕೆಲಸ. ಎರಡು ಹೊತ್ತೂ ಕುಚ್ಚಲಕ್ಕಿ ಅನ್ನ, ಮೀನುಸಾರು. ಅನ್ನ ಪೂರ್ತಿ ಬಿಟ್ಟು ಚಪಾತಿಗೆ ಹೋಗಬೇಕೆ?
– ನೌಕರ, ಕಾರವಾರ

ಉತ್ತರ: ಬೇಡ. ಪೂರ್ತಿ ಬಿಟ್ಟವರು ಆಮೇಲೆ ಮೊದಲಿಗಿಂತ ಜಾಸ್ತಿ ಉಣ್ಣುವುದುಂಟು. ನಿಮ್ಮ ಬಿಎಂಐ (ಎತ್ತರಕ್ಕೆ ಹೋಲಿಸಿದ ತೂಕದ ಅಳತೆ) 28. ಭಾರತೀಯರಲ್ಲಿ 23 ದಾಟಿದರೆ ಹೆಚ್ಚು ತೂಕ, 25 ದಾಟಿದರೆ ಬೊಜ್ಜು ಎಂದು ಲೆಕ್ಕ. ಹೊಕ್ಕುಳ ಮಟ್ಟದಲ್ಲಿ ಟೇಪು ಹಿಡಿದು ಸೊಂಟವನ್ನೂ ಅಳೆದುಕೊಳ್ಳಿ. ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ಗಡಿ. ಮೊದಲ ಗುರಿ 4 ಕಿಲೊ ಇಳಿಸುವುದು, ಅದೂ ವಾರಕ್ಕೆ ಅರ್ಧ ಕಿಲೊ ಮೀರದಂತೆ.

ಅಕ್ಕಿ ಯಾವುದಾದರೂ ಒಣತೂಕದ 100 ಗ್ರಾಂಗೆ ಸುಮಾರು 350 ಕ್ಯಾಲೊರಿ, ಗೋಧಿಹಿಟ್ಟಿನದೂ ಅದರ ಆಸುಪಾಸೇ. ಕುಚ್ಚಲಕ್ಕಿಯಲ್ಲಿ ಬಿ ಗುಂಪಿನ ವಿಟಮಿನ್ ಹೆಚ್ಚು ಉಳಿದಿರುತ್ತದೆ, ಅಷ್ಟೇ; ಎರಡು ಸಲ ಬಡಿಸಿಕೊಳ್ಳಲು ಅದು ಪರವಾನಗಿ ಅಲ್ಲ. ಒಂದು ಹೊತ್ತಿಗೆ 70 ಗ್ರಾಂ ಅಕ್ಕಿ ತೂಗಿ ಬೇಯಿಸಿ. ಸುಮಾರು 200 ಗ್ರಾಂ ಅನ್ನವಾಗುತ್ತದೆ. ಅದು ಯಾವ ಬಟ್ಟಲಿಗೆ ಎಲ್ಲಿಯವರೆಗೆ ಬರುತ್ತದೆ ನೋಡಿಟ್ಟುಕೊಂಡರೆ ದಿನಾ ತಕ್ಕಡಿ ಬೇಡ. ತಟ್ಟೆಯ ಅರ್ಧ ಬಸಳೆ, ಹರಿವೆ, ತೊಂಡೆ, ಹೀರೆ ಯಾವುದಾದರೂ ಪಲ್ಯ. ಎರಡು ಮಧ್ಯಮ ಬಂಗಡೆ ಅಥವಾ ನಾಲ್ಕೈದು ತಾರ್ಲೆ ಇದ್ದರೆ ಪ್ರೋಟೀನ್ ಚಿಂತೆಯಿಲ್ಲ. ರವೆ ಹಚ್ಚಿ ಎಣ್ಣೆಯಲ್ಲಿ ಮುಳುಗಿಸಿ ಕರಿಯುವ ಬದಲು ಕಾದ ಕಾವಲಿಗೆ ಎರಡು ಚಮಚ ಎಣ್ಣೆ ಸಾಕು. ಕಾವಲಿ ಸರಿಯಾಗಿ ಕಾಯದೆ ಮೀನು ಇಟ್ಟರೆ ತಳ ಹಿಡಿಯುತ್ತದೆ, ಆಗ ಕೈ ತಾನಾಗಿ ಎಣ್ಣೆ ಡಬ್ಬಕ್ಕೆ ಹೋಗುತ್ತದೆ.

ಕರಾವಳಿಯ ಅಡುಗೆಯಲ್ಲಿ ಲೆಕ್ಕ ತಪ್ಪುವುದು ಅನ್ನಕ್ಕಿಂತ ತೆಂಗಿನಲ್ಲಿ. 30 ಗ್ರಾಂ ಹಸಿ ತುರಿಗೆ ಸುಮಾರು 100 ಕ್ಯಾಲೊರಿ. ಸಾರಿಗೆ, ಪಲ್ಯಕ್ಕೆ, ಚಟ್ನಿಗೆ, ಸೋಲ್‌ಕಡಿಗೆ (ಮುರುಗಲು, ತೆಂಗಿನ ಹಾಲಿನ ಪಾನೀಯ) ಒಂದೇ ಊಟದಲ್ಲಿ ನಾಲ್ಕು ಕಡೆ ಬಿದ್ದರೆ ಎಣಿಸಿ ನೋಡಿ. ಸಾರಿಗೆ ಹಾಕಿದ ದಿನ ಪಲ್ಯಕ್ಕೆ ಬರೀ ಒಗ್ಗರಣೆ ಇರಲಿ. ಎಣ್ಣೆಯನ್ನು ತಿಂಗಳ ಲೆಕ್ಕದಲ್ಲಿ ನೋಡುವುದು ಸುಲಭ: ನಾಲ್ಕು ಜನರ ಮನೆಯಲ್ಲಿ ಎರಡು ಲೀಟರ್ ಖರ್ಚಾದರೆ ತಲೆಗೆ ದಿನಕ್ಕೆ 17 ಮಿಲಿಯಷ್ಟು, ತೆಂಗು ಬಳಸುವ ಮನೆಗೆ ಇದು ಹದ. ನಾಲ್ಕು ಲೀಟರ್ ಆದರೆ ಹೆಚ್ಚಾಯಿತು.

ದಿನಕ್ಕೆ ಮೂರು ಚಹಾ, ತಲಾ ಎರಡು ಚಮಚ ಸಕ್ಕರೆ ಎಂದರೆ 30 ಗ್ರಾಂ, 120 ಕ್ಯಾಲೊರಿ. ಜೊತೆಗೆ ಬೇಕರಿಯ ಖಾರಿ, ಟೋಸ್ಟ್ ಬೇರೆ. ಖಾರಿಯ ಪದರ ಬಿಡುವುದೇ ಹಿಟ್ಟಿನ ನಡುವೆ ಸವರಿದ ಡಾಲ್ಡಾ ಅಥವಾ ಮಾರ್ಗರಿನ್‌ನಿಂದ. ಹುರಿದ ಶೇಂಗಾ ಒಂದು ಸಣ್ಣ ಹಿಡಿ ಒಳ್ಳೆಯದು, ಎರಡನೇ ಹಿಡಿ ಬೇಡ. ತೂಕ ವಾರಕ್ಕೊಮ್ಮೆ, ಬೆಳಿಗ್ಗೆ ಶೌಚ ಮುಗಿಸಿ, ಏನೂ ತಿನ್ನುವ ಮೊದಲು ನೋಡಿ. ಹಿಂದಿನ ರಾತ್ರಿ ಒಣಮೀನು ಉಂಡಿದ್ದರೆ ತೂಕದ ಯಂತ್ರದ ಮುಳ್ಳು ಒಂದು ಕಿಲೊ ಮೇಲೆ ತೋರಿಸೀತು. ಅದು ಉಪ್ಪು ಹಿಡಿದಿಟ್ಟ ನೀರು, ಕೊಬ್ಬಲ್ಲ. ವಾರಕ್ಕೆ 150 ನಿಮಿಷ ಬಿರುಸು ನಡಿಗೆ, ಟಾಗೋರ್ ಬೀಚಿನಲ್ಲಾದರೂ ಸರಿ, ಮಳೆಗಾಲದಲ್ಲಿ ಮೆಟ್ಟಿಲಾದರೂ ಸರಿ.

ಪ್ರಶ್ನೆ: ಅಮ್ಮನಿಗೆ ಬಿಪಿ ಇದೆ. ಜೂನ್–ಜುಲೈ ಬೋಟು ಬಂದ್ ಇದ್ದಾಗ ಒಣಮೀನಿಲ್ಲದೆ ಗಂಜಿ ಇಳಿಯುವುದಿಲ್ಲ. ಏನು ಮಾಡುವುದು?
– ಹೊನ್ನಾವರ

ಉತ್ತರ: ಉಪ್ಪು ಹಾಕದೆ ಬಿಸಿಲಲ್ಲಿ ಒಣಗಿಸಿದ ಶೆಟ್ಲಿ (ಸಿಗಡಿ), ಸಣ್ಣ ಮೀನು ಸಿಕ್ಕರೆ ಅದನ್ನೇ ಕೊಳ್ಳಿ. ಉಪ್ಪು ಹಾಕಿದ ಬಂಗಡೆಯಾದರೆ ಮೈಮೇಲಿನ ಉಪ್ಪು ತೊಳೆದು, ತುಂಡು ಮಾಡಿ, ಉಗುರುಬೆಚ್ಚಗಿನ ನೀರಲ್ಲಿ ಅರ್ಧ ತಾಸು ನೆನೆಸಿ, ನೀರು ಚೆಲ್ಲಿ, ಮತ್ತೊಮ್ಮೆ ಹಾಗೇ ಮಾಡಿ. ಇಡಿಯಾಗಿ ನೆನೆಸಿದರೆ ಒಳಗಿನ ಉಪ್ಪು ಬಿಡುವುದಿಲ್ಲ. ಪದಾರ್ಥಕ್ಕೆ ಬೇರೆ ಉಪ್ಪು ಬೇಡ, ಆ ಹೊತ್ತಿಗೆ ಉಪ್ಪಿನಕಾಯಿ, ಹಪ್ಪಳವೂ ಬೇಡ. ಇಷ್ಟಾದರೂ ಉಪ್ಪು ಪೂರ್ತಿ ಹೋಗದು, ವಾರಕ್ಕೊಂದು ಸಲ, ಒಂದೆರಡು ತುಂಡು. ‘ಲೋ ಸೋಡಿಯಂ’ ಉಪ್ಪು ತರುವ ಮುನ್ನ ವೈದ್ಯರನ್ನು ಕೇಳಿ. ಅದರಲ್ಲಿ ಪೊಟ್ಯಾಸಿಯಂ ಕ್ಲೋರೈಡ್ ಇರುತ್ತದೆ, ಮೂತ್ರಪಿಂಡದ ತೊಂದರೆ ಇದ್ದವರಿಗೂ ಟೆಲ್ಮಿಸಾರ್ಟನ್, ಎನಾಲಾಪ್ರಿಲ್‌ನಂಥ ಬಿಪಿ ಮಾತ್ರೆ ನುಂಗುವವರಿಗೂ ಅದು ಅಪಾಯ ತರಬಹುದು.

ಪ್ರಶ್ನೆ: ಸಕ್ಕರೆ ಬಿಟ್ಟು ಜೋನಿ ಬೆಲ್ಲ ಹಿಡಿದಿದ್ದೇನೆ. ತೂಕ ಇಳಿದೀತೇ?
– ಶಿರಸಿ

ಉತ್ತರ: ಇಲ್ಲ. ರುಚಿ ಬೇರೆ, ಒಳಗಿರುವುದು ಬಹುಪಾಲು ಸಕ್ಕರೆಯೇ. ದೋಸೆಗೆ ಸುರಿದುಕೊಳ್ಳುವ ಬದಲು ಚಮಚದಲ್ಲಿ ಅಳೆದು ಹಾಕಿಕೊಳ್ಳಿ.

ಪ್ರಶ್ನೆ: ಸಕ್ಕರೆ ಕಾಯಿಲೆಗೆ ಗ್ಲಿಮೆಪಿರೈಡ್ ನುಂಗುತ್ತೇನೆ. ತೂಕ ಇಳಿಸಲು ರಾತ್ರಿ ಊಟ ಬಿಡಬಹುದೇ?
– ಅಂಕೋಲಾ

ಉತ್ತರ: ವೈದ್ಯರು ಮಾತ್ರೆಯ ಪ್ರಮಾಣ ಬದಲಿಸುವ ತನಕ ಬೇಡವೇ ಬೇಡ. ಊಟ ಬಿಟ್ಟರೂ ಆ ಮಾತ್ರೆ ಇನ್ಸುಲಿನ್ ಬಿಡಿಸುತ್ತಲೇ ಇರುತ್ತದೆ, ನಡುರಾತ್ರಿ ಸಕ್ಕರೆ ಕುಸಿಯಬಹುದು. ಬೆವರು, ನಡುಕ, ಎದೆಬಡಿತ ಕಂಡೊಡನೆ ರಕ್ತದ ಸಕ್ಕರೆ ಪರೀಕ್ಷಿಸಿ. 70ಕ್ಕಿಂತ (ಮಿ.ಗ್ರಾಂ./ಡೆ.ಲೀ.) ಕಡಿಮೆ ಇದ್ದರೆ, ಅಥವಾ ಪರೀಕ್ಷಿಸುವ ಯಂತ್ರ ಕೈಗೆ ಸಿಗದಿದ್ದರೆ, ಮೂರು ಚಮಚ ಸಕ್ಕರೆ ನೀರಲ್ಲಿ ಕದಡಿ ಕುಡಿಯಿರಿ. 15 ನಿಮಿಷ ಬಿಟ್ಟು ಮತ್ತೆ ನೋಡಿ, ಏರದಿದ್ದರೆ ಇನ್ನೊಮ್ಮೆ ಕುಡಿಯಿರಿ. ಸರಿಯಾದ ಮೇಲೆ ಒಂದಿಷ್ಟು ಅನ್ನವೋ ಅವಲಕ್ಕಿಯೋ ತಿಂದೇ ಮಲಗಿ. ಎಚ್ಚರ ತಪ್ಪಿದವರ ಬಾಯಿಗೆ ಮಾತ್ರ ಏನೂ ಹಾಕಬಾರದು, ನೇರ ಆಸ್ಪತ್ರೆಗೆ ಒಯ್ಯಬೇಕು ಎಂದು ಮನೆಯವರಿಗೂ ಹೇಳಿಡಿ.