ಲೈನ್ ಮನೆ ನೋಡಿ ಭಯೋತ್ಪಾದಕನನ್ನು ಗುರುತಿಸೋಕಾಗುತ್ತಾ?

ಕೊಡಗಿನ ಪೊನ್ನಂಪೇಟೆ ಕಡೆಯ ನಿವೃತ್ತ ಸುಬೇದಾರರೊಬ್ಬರು ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಅಂದಿದ್ದಾರೆ, ಹಾಕಿಲ್ಲ. ಭಯೋತ್ಪಾದನೆ ಬಗ್ಗೆ ವಿದ್ವಾಂಸರು ಏನನ್ನುತ್ತಾರೆ ಅಂತ ಹೋದ ತಿಂಗಳು ನಾವು ಹಾಕಿದ ಲೇಖನ ಅವರಿಗೆ ಸಿಟ್ಟು ತರಿಸಿದೆ. ಅವರ ಮಾತಿನ ಸಾರ ಇಷ್ಟು: ‘ಕೊಂದವನು ಯಾಕೆ ಕೊಂದ ಅಂತ ಪುಸ್ತಕ ಬರೆಯೋದು ಅವನ ಪರ ವಕಾಲತ್ತು ಹಾಕಿದ ಹಾಗೆ. ಬಡತನ, ನಿರುದ್ಯೋಗ ಇದ್ದಲ್ಲಿ ಇದು ಹುಟ್ಟುತ್ತದೆ, ಇದಕ್ಕೆ ಸಂಶೋಧನೆ ಯಾಕೆ? ಹಿಡಿದು ಹಾಕಿದರಾಯ್ತು. ನಮ್ಮ ತೋಟಗಳ ಲೈನ್ ಮನೆಗಳಲ್ಲಿ (ಕೂಲಿಯವರ ಸಾಲು ಮನೆಗಳಲ್ಲಿ) ಹೊರಗಿನವರು ತುಂಬಿದ್ದಾರೆ, ಅವರ ಮೇಲೆ ಕಣ್ಣಿಡಿ ಅಂತ ಬರೆಯಿರಿ.’ ಜೊತೆಗೆ ಮೊಮ್ಮಗಳ ಪ್ರಶ್ನೆಯೊಂದನ್ನೂ ಕಳಿಸಿದ್ದಾರೆ: ಬ್ರಿಟಿಷರ ಕಾಲದಲ್ಲಿ ದಂಗೆ ಎದ್ದ ಗುಡ್ಡೆಮನೆ ಅಪ್ಪಯ್ಯ ಗೌಡರೂ ಸರ್ಕಾರದ ವಿರುದ್ಧ ಆಯುಧ ಹಿಡಿದವರೇ ಅಲ್ವಾ ತಾತ?

ಸುಬೇದಾರ್ ಸಾಹೇಬರೇ, ಕಾಶ್ಮೀರದಲ್ಲಿ ಡ್ಯೂಟಿ ಮಾಡಿ ಬಂದವರು ನೀವು. ನಿಮ್ಮ ಸಿಟ್ಟು ನನಗೆ ಅರ್ಥವಾಗುತ್ತದೆ. ಆದರೆ ಲೈನ್ ಮನೆಯ ಮಾತನ್ನು ನಾನು ಒಪ್ಪುವುದಿಲ್ಲ. ಒಪ್ಪದೇ ಇರಲು ಕಾರಣ ಕೊಟ್ಟವರು ನೀವು ಬೇಡ ಅನ್ನುವ ಆ ವಿದ್ವಾಂಸರೇ.

ಬಡತನದ ಮಾತು ಮೊದಲು. 2003ರಲ್ಲಿ ಅರ್ಥಶಾಸ್ತ್ರಜ್ಞ ಅಲನ್ ಕ್ರೂಗರ್ ಮತ್ತು ಯಿಟ್ಕಾ ಮಲೆಚ್ಕೊವಾ ಎಂಬ ಇಬ್ಬರು ವಿದ್ವಾಂಸರು ಇದನ್ನೇ ಪರೀಕ್ಷೆ ಮಾಡಿದರು. ಲೆಬನಾನಿನಲ್ಲಿ ಸತ್ತ ಹಿಜ್ಬುಲ್ಲಾ ಎಂಬ ಸಶಸ್ತ್ರ ಸಂಘಟನೆಯ 129 ಹೋರಾಟಗಾರರ ವಿವರ ತೆಗೆದುಕೊಂಡು ಅದೇ ವಯಸ್ಸಿನ ಉಳಿದ ಲೆಬನಾನಿಗಳ ಜೊತೆ ಹೋಲಿಸಿದರು. ಸತ್ತವರಲ್ಲಿ ಬಡವರ ಪ್ರಮಾಣ ಕಮ್ಮಿ, ಹೈಸ್ಕೂಲು ಮುಟ್ಟಿದವರದ್ದು ಸ್ವಲ್ಪ ಜಾಸ್ತಿ. ಅಮೆರಿಕದ ಅವಳಿ ಗೋಪುರಕ್ಕೆ ವಿಮಾನ ನುಗ್ಗಿಸಿದ ಮೊಹಮ್ಮದ್ ಅತ್ತಾನನ್ನೇ ನೋಡಿ. ಕೈರೋದ ವಕೀಲರ ಮಗ. ಜರ್ಮನಿಯ ಹ್ಯಾಂಬರ್ಗಿನಲ್ಲಿ ನಗರ ಯೋಜನೆ ಓದುತ್ತಿದ್ದ. ಸಿರಿಯಾದ ಅಲೆಪ್ಪೊ ಪಟ್ಟಣದ ಹಳೆ ಬೀದಿಗಳನ್ನು ಹೇಗೆ ಉಳಿಸಿಕೊಳ್ಳಬೇಕು ಅಂತ ಪ್ರಬಂಧ ಬರೆದು ಒಳ್ಳೆ ಅಂಕ ತಗೊಂಡ. ಗೆಳೆಯರ ಜೊತೆ ಒಂದು ಫ್ಲ್ಯಾಟ್ ಬಾಡಿಗೆಗೆ ಹಿಡಿದಿದ್ದ. ಒಟ್ಟಿಗೆ ಊಟ, ಒಟ್ಟಿಗೆ ನಮಾಜು, ರಾತ್ರಿಯಿಡೀ ಅದೇ ಮಾತು. ಆ ಗುಂಪು ಹೊರಗಿನ ಪ್ರಪಂಚದಿಂದ ದೂರ ಸರಿಯುತ್ತಾ ಹೋಯಿತು.

ಮನೋವೈದ್ಯ ಮಾರ್ಕ್ ಸೇಜ್‌ಮನ್ 2004ರಲ್ಲಿ ಇಂಥ 172 ಜನರ ಜೀವನ ಚರಿತ್ರೆ ಕೆದಕಿ ನೋಡಿದಾಗ ಕಂಡದ್ದೂ ಇದೇ. ಬಹಳ ಜನ ಸಿದ್ಧಾಂತ ಓದಿಕೊಂಡು ಬಂದವರಲ್ಲ. ಗೆಳೆಯ ಹೋದ, ಅಣ್ಣ ಹೋದ, ಭಾವ ಹೋದ ಅಂತ ಹಿಂದೆ ಹೋದವರು. ರಾಜಕೀಯ ಶಾಸ್ತ್ರಜ್ಞೆ ಮಾರ್ಥಾ ಕ್ರೆನ್‌ಶಾ 1981ರಲ್ಲೇ ಒಂದು ಮಾತು ಬರೆದಿದ್ದರು: ಇವರಲ್ಲಿ ಎದ್ದು ಕಾಣುವ ಸಮಾನ ಗುಣ ಅಂದರೆ ಇವರು ಮಾಮೂಲಿ ಮನುಷ್ಯರು ಅನ್ನೋದೇ. ಹುಚ್ಚರಲ್ಲ, ರಾಕ್ಷಸರ ಮುಖವೂ ಇರುವುದಿಲ್ಲ. ನನಗಂತೂ ಇದೇ ಜಾಸ್ತಿ ಭಯ ಹುಟ್ಟಿಸುವ ವಿಷಯ.

ಕಸಬ್ ಬಡವ ಆಗಿರಲಿಲ್ವಾ ಅಂತ ನೀವು ಕೇಳಬಹುದು. ಹೌದು, ಬಡವನೇ, ಓದು ಬಿಟ್ಟವನೇ. ಆದರೆ ಅವನ ಸೀಮೆಯಲ್ಲಿ ಅಷ್ಟೇ ಬಡವರಾದ ಲಕ್ಷಾಂತರ ಜನ ಕೂಲಿ ಮಾಡಿಕೊಂಡು ಸುಮ್ಮನಿದ್ದಾರೆ. ಇವನನ್ನು ಹುಡುಕಿ, ತರಬೇತಿ ಕೊಟ್ಟು, ದೋಣಿ ಹತ್ತಿಸಿದ್ದು ಒಂದು ಸಂಘಟನೆ. ಹಿಡಿಯಬೇಕಾದ ದಾರ ಅದು. ಬಡತನಕ್ಕೂ ಹಿಂಸೆಗೂ ಸಂಬಂಧವೇ ಇಲ್ಲ ಅಂತ ಯಾರೂ ಹೇಳುತ್ತಿಲ್ಲ. ಬಡತನ ನೋಡಿ ಮನುಷ್ಯನನ್ನು ಗುರುತಿಸೋಕೆ ಆಗಲ್ಲ, ಅಷ್ಟೇ.

ಈಗ ನಮ್ಮ ತೋಟಗಳಿಗೆ ಬನ್ನಿ. ಅಸ್ಸಾಮಿನಿಂದ ಬಂದ ಗಂಡ ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಕಾಫಿ ಕುಯ್ಯುತ್ತಾರೆ, ಕಾಳುಮೆಣಸಿನ ಏಣಿ ಹತ್ತುತ್ತಾರೆ. ಅವರಿಲ್ಲದಿದ್ದರೆ ನಮ್ಮಲ್ಲಿ ಎಷ್ಟೋ ತೋಟದ ಕಾಫಿ ಗಿಡದಲ್ಲೇ ಒಣಗುತ್ತದೆ, ಇದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಗುರುತಿನ ಚೀಟಿ ತೋರಿಸಿ, ಠಾಣೆಯಲ್ಲಿ ವಿವರ ಕೊಡಿ ಅನ್ನುವುದು ಸರಿಯಾದ ಕ್ರಮ, ಎಲ್ಲರಿಗೂ ಒಂದೇ ಥರ ಇರಲಿ. ಆದರೆ ಪತ್ರಿಕೆಯೊಂದು ‘ಇವರ ಮೇಲೆ ಕಣ್ಣಿಡಿ’ ಅಂತ ಅಚ್ಚು ಹಾಕಿದರೆ ಮಾರನೇ ದಿನ ಸಂತೆಯಲ್ಲಿ ಯಾರಿಗೋ ಏಟು ಬೀಳುತ್ತದೆ. ಆ ಪಾಪ ನಾನು ಹೊರಲಾರೆ.

ಇನ್ನೊಂದು ಕಾರಣವೂ ಇದೆ. ಜನ ಸಾಯುವುದಕ್ಕಿಂತ ಜನ ನೋಡುವುದು ಭಯೋತ್ಪಾದಕನಿಗೆ ಮುಖ್ಯ ಅಂತ ಭಯೋತ್ಪಾದನೆಯ ಅಧ್ಯಯನ ಮಾಡಿದ ಬ್ರಯಾನ್ ಜೆಂಕಿನ್ಸ್ 1970ರ ದಶಕದಲ್ಲೇ ಹೇಳಿದ್ದರು. ಆಮೇಲೆ ಸಾವಿನ ಲೆಕ್ಕ ಬಹಳ ಏರಿತು, ಆದರೆ ನೋಡುವವರು ಬೇಕು ಅನ್ನುವ ಮಾತು ಉಳಿದಿದೆ. 2008ರ ಮುಂಬೈ ದಾಳಿಯಲ್ಲಿ ಗಡಿಯಾಚೆ ಕೂತವರು ನಮ್ಮ ಟಿವಿ ನೋಡಿಕೊಂಡೇ ಫೋನಿನಲ್ಲಿ ಅಪ್ಪಣೆ ಕೊಡುತ್ತಿದ್ದರು. ಆ ನೇರ ಪ್ರಸಾರವನ್ನು ಸುಪ್ರೀಂ ಕೋರ್ಟು 2012ರ ತೀರ್ಪಿನಲ್ಲಿ ಕಟುವಾಗಿ ಖಂಡಿಸಿತು. ಅಕ್ಕಪಕ್ಕದವರು ಒಬ್ಬರನ್ನೊಬ್ಬರು ಅನುಮಾನದಿಂದ ನೋಡುವುದೇ ಅವರಿಗೆ ಬೇಕಾದ ಫಲ. ಅದನ್ನು ನಾವೇ ಪುಕ್ಕಟೆ ಬಡಿಸಬೇಕಾ?

ಮೊಮ್ಮಗಳ ಪ್ರಶ್ನೆಗೆ ಇಡೀ ಪ್ರಪಂಚ ಇನ್ನೂ ಒಂದೇ ಉತ್ತರ ಕೊಟ್ಟಿಲ್ಲ. 1996ರಲ್ಲಿ ಭಾರತವೇ ವಿಶ್ವಸಂಸ್ಥೆಯ ಮುಂದಿಟ್ಟ ಭಯೋತ್ಪಾದನೆ ವಿರುದ್ಧದ ಒಪ್ಪಂದದ ಕರಡು ಇವತ್ತಿಗೂ ಅಲ್ಲೇ ಕೂತಿದೆ. ವಿಮೋಚನಾ ಹೋರಾಟಗಾರರನ್ನು ಏನು ಮಾಡೋದು, ಸರ್ಕಾರಗಳೇ ಜನರನ್ನು ಹೆದರಿಸಿದರೆ ಅದನ್ನೂ ಸೇರಿಸೋದಾ, ಇಲ್ಲೇ ಗಂಟು. ಆದರೆ ಬಹಳಷ್ಟು ವಿದ್ವಾಂಸರು ಒಂದು ಅಳತೆಗೋಲು ಒಪ್ಪುತ್ತಾರೆ: ಉದ್ದೇಶ ಎಷ್ಟು ದೊಡ್ಡದು ಅಂತ ನೋಡಬೇಡಿ, ಗುರಿ ಇಟ್ಟದ್ದು ಯಾರಿಗೆ ಅಂತ ನೋಡಿ. ಅಪ್ಪಯ್ಯ ಗೌಡರಿದ್ದ 1837ರ ಅಮರ ಸುಳ್ಯ ದಂಗೆಯವರು ಮಂಗಳೂರಿಗೆ ನುಗ್ಗಿ ಕೈ ಹಾಕಿದ್ದು ಈಸ್ಟ್ ಇಂಡಿಯಾ ಕಂಪನಿಯ ಖಜಾನೆಗೆ, ಜೈಲಿಗೆ. ಸಂತೆಗೆ ಬಂದ ಜನರನ್ನು ಕೊಂದು ಸರ್ಕಾರಕ್ಕೆ ಸಂದೇಶ ಕಳಿಸುವ ಕೆಲಸ ಅದಾಗಿರಲಿಲ್ಲ. ಅಪ್ಪಯ್ಯ ಗೌಡರನ್ನು ಕಂಪನಿಯವರು ಮಡಿಕೇರಿ ಕೋಟೆಯಲ್ಲಿ ಎಲ್ಲರ ಕಣ್ಣೆದುರೇ ಗಲ್ಲಿಗೇರಿಸಿದರು. ಜನರಲ್ಲಿ ಭಯ ಬಿತ್ತೋಕೆ ಹೊರಟವರು ಯಾರು ಅಂತ ಮಗುವಿಗೇ ಕೇಳಿ ನೋಡಿ.

ಈ ಅಳತೆಗೋಲಿನಲ್ಲಿ ನಿಮಗೆ ನೋಯುವ ಜಾಗ ಒಂದಿದೆ. ಸೈನಿಕರ ಮೇಲಿನ ದಾಳಿಯನ್ನು ಕೆಲವರು ಭಯೋತ್ಪಾದನೆಯ ಲೆಕ್ಕಕ್ಕೆ ಸೇರಿಸುವುದಿಲ್ಲ. 2019ರಲ್ಲಿ ಪುಲ್ವಾಮಾದಲ್ಲಿ ಸತ್ತ 40 ಸಿಆರ್‌ಪಿಎಫ್ ಜವಾನರು ಬಸ್ಸಿನಲ್ಲಿ ಕೂತು ಹೋಗುತ್ತಿದ್ದವರು, ಯುದ್ಧ ಮಾಡುತ್ತಿರಲಿಲ್ಲ. ಅದು ಭಯೋತ್ಪಾದನೆಯೇ ಅನ್ನುವುದರಲ್ಲಿ ನನಗೆ ಎರಡು ಮಾತಿಲ್ಲ.

ಇನ್ನು ‘ಹಿಡಿದು ಹಾಕಿದರಾಯ್ತು’ ಅನ್ನುವ ನಿಮ್ಮ ಸಾಲು. 1968ರಿಂದ 2006ರವರೆಗಿನ 648 ಭಯೋತ್ಪಾದಕ ಗುಂಪುಗಳನ್ನು ಸಂಶೋಧಕರಾದ ಸೇಥ್ ಜೋನ್ಸ್ ಮತ್ತು ಮಾರ್ಟಿನ್ ಲಿಬಿಕಿ ಪರಿಶೀಲಿಸಿದ್ದಾರೆ. ಒಡೆದು ಚೂರಾಗದೆ ಕೊನೆಗೊಂಡ ಗುಂಪುಗಳಲ್ಲಿ ಶೇ. 43 ರಾಜಕೀಯಕ್ಕೆ ಬಂದು ಮುಗಿದವು. ಶೇ. 40 ಪೊಲೀಸ್ ಮತ್ತು ಗುಪ್ತಚರ ಕೆಲಸದಿಂದ. ಬರೀ ಸೈನ್ಯದ ಬಲದಿಂದ ಮುಗಿದದ್ದು ಶೇ. 7. ಪೊಲೀಸರಿಗೆ ಸುದ್ದಿ ಕೊಡುವವರು ಯಾರು? ಅದೇ ಊರಿನಲ್ಲಿ, ಅದೇ ಸಾಲಿನ ಮನೆಗಳಲ್ಲಿ ಇರುವವರು. ನಾವು ದೂರ ತಳ್ಳಿದವರು ನಮ್ಮ ಹತ್ತಿರ ಬಂದು ಬಾಯಿ ಬಿಡಲ್ಲ. ನಮ್ಮ ಮಲೆನಾಡಿನ ನಕ್ಸಲರ ಕಥೆಯನ್ನೇ ನೋಡಿ. ಒಂದು ಕಡೆ ಕಾಡಿನಲ್ಲಿ ಹುಡುಕಾಟ, ಇನ್ನೊಂದು ಕಡೆ ಮಾತುಕತೆ, ಎರಡೂ ನಡೆದು 2025ರ ಜನವರಿಯಲ್ಲಿ ಆರು ಜನ ಬೆಂಗಳೂರಿನಲ್ಲಿ ಮುಖ್ಯಮಂತ್ರಿಗಳ ಮುಂದೆ ಶರಣಾದರು.

ಇದರ ಬಗ್ಗೆ ನನಗಿಂತ ನಿಮಗೆ ಜಾಸ್ತಿ ಗೊತ್ತಿರಬೇಕು. ನೀವಿದ್ದ ಪೋಸ್ಟಿನ ಸುತ್ತಲ ಹಳ್ಳಿಯವರು ನಿಮ್ಮ ಜೊತೆ ಮಾತಾಡಲು ಶುರು ಮಾಡಿದ್ದು ಯಾವಾಗ, ಯಾಕೆ, ಮಾತು ನಿಲ್ಲಿಸಿದ್ದು ಯಾವಾಗ? ದಯವಿಟ್ಟು ಬರೆದು ಕಳಿಸಿ. ಮುಂದಿನ ಸಂಚಿಕೆಯಲ್ಲಿ ಎರಡು ಪುಟ ನಿಮಗಾಗಿ ಇಟ್ಟಿದ್ದೇನೆ. ಕೈಬರಹದಲ್ಲೇ ಸಾಕು, ಟೈಪ್ ನಾವು ಮಾಡಿಕೊಳ್ಳುತ್ತೇವೆ.

– ಸಂಪಾದಕ