'ಎ ಸಾಂಗ್ ಆಫ್ ಐಸ್ ಅಂಡ್ ಫೈರ್' ಪುಸ್ತಕಗಳಲ್ಲಿ ಮುಂದೆ ಯಾರು ಸಾಯುತ್ತಾರೆ ಅಂತ ಊಹಿಸಬಹುದಾ?

ಸ್ವಲ್ಪ ಮಟ್ಟಿಗೆ ಊಹಿಸಬಹುದು. ಜಾರ್ಜ್ ಆರ್. ಆರ್. ಮಾರ್ಟಿನ್ ಅವರ ಈ ಫ್ಯಾಂಟಸಿ ಕಾದಂಬರಿ ಸರಣಿಯಲ್ಲಿ ಪ್ರತಿ ಅಧ್ಯಾಯವೂ ಒಂದು ಪಾತ್ರದ ಕಣ್ಣಿನಿಂದ ನಡೆಯುತ್ತದೆ. ಯಾರಿಗೆ ಎಷ್ಟು ಅಧ್ಯಾಯ ಸಿಕ್ಕಿದೆ ಅಂತ ಎಣಿಸಿ, ಮುಂದೆ ಎಷ್ಟು ಸಿಗಬಹುದು ಅಂತ ಸಂಖ್ಯಾಶಾಸ್ತ್ರಜ್ಞ ರಿಚರ್ಡ್ ವೇಲ್ 2014ರಲ್ಲಿ ಲೆಕ್ಕ ಹಾಕಿದರು. ಸೊನ್ನೆ ಬರುವ ಸಂಭವ ಜಾಸ್ತಿ ಇದ್ದರೆ ಆ ಪಾತ್ರಕ್ಕೆ ಅಪಾಯ.

ಆದರೆ ಎಣಿಕೆಗೆ ಕಥೆ ಗೊತ್ತಾಗುವುದಿಲ್ಲ, ಅಲ್ವಾ? ಮೊದಲ ಪುಸ್ತಕದಲ್ಲಿ ಎಲ್ಲರಿಗಿಂತ ಜಾಸ್ತಿ, 15 ಅಧ್ಯಾಯ ಸಿಕ್ಕಿದ್ದು ನೆಡ್ ಸ್ಟಾರ್ಕ್‌ಗೆ. ಅವನ ತಲೆಯೇ ಉರುಳಿತು!

ನಾನು ನಂಬುವ ಸುಳಿವು ಬೇರೆ. ಪ್ರೊಲಾಗ್, ಅಂದರೆ ಪುಸ್ತಕದ ಆರಂಭದ ಮುನ್ನುಡಿ ಅಧ್ಯಾಯ, ಯಾರ ಕಣ್ಣಿನಿಂದ ಬರುತ್ತದೆ ನೋಡಿ. ವಿಲ್, ಕ್ರೆಸನ್, ಚೆಟ್, ಪೇಟ್, ವರಮಿರ್: ಐದು ಪುಸ್ತಕ, ಐದು ಜನ, ಒಬ್ಬರೂ ಉಳಿಯಲಿಲ್ಲ. ಆರನೆಯ ಪುಸ್ತಕ ಬಂದರೆ ನಾನು ಮೊದಲು ತೆರೆಯುವುದು ಆ ಪುಟವನ್ನೇ.