ಉಂಗುರದ ವಜ್ರ ಮಂಕಾಗಿದ್ದರೆ ಕೆಳಗಡೆಯಿಂದ ತೊಳೆಯಿರಿ

ಬಿಳಿ ಚಿನ್ನದ ಎಂಗೇಜ್‌ಮೆಂಟ್ ಉಂಗುರ, ಒಂದೇ ವಜ್ರ, ವರ್ಷದೊಳಗೇ ಮಂಕಾಗಿದೆ, ಟೂತ್‌ಪೇಸ್ಟ್ ಹಾಕಿ ಉಜ್ಜಿದರೂ ಹೊಳಪು ಬರಲಿಲ್ಲ, ಬ್ಲೀಚ್‌ನಲ್ಲಿ ನೆನೆಸಲೇ ಅಂತ ಕೇಳಿದ್ದೀರಿ. ಬ್ಲೀಚ್ ಖಂಡಿತ ಬೇಡ. ಟೂತ್‌ಪೇಸ್ಟನ್ನೂ ಇವತ್ತೇ ನಿಲ್ಲಿಸಿ. ವಜ್ರಕ್ಕೆ ಬಹುಶಃ ಏನೂ ಆಗಿಲ್ಲ, ಬೆನ್ನಿಗೆ ಜಿಡ್ಡು ಕೂತಿದೆ ಅಷ್ಟೆ.

ವಜ್ರಕ್ಕೆ ನೀರು ಹಿಡಿಯುವುದಿಲ್ಲ, ಜಿಡ್ಡು ಮಾತ್ರ ಬಿಡದೆ ಹಿಡಿಯುತ್ತದೆ. ಪುಡಿಮಾಡಿದ ಅದಿರನ್ನು ನೀರಿನ ಜೊತೆ ಗ್ರೀಸ್ ಬಳಿದ ಹಲಗೆಯ ಮೇಲೆ ಹರಿಸಿ ವಜ್ರ ಆರಿಸುವ ಗಣಿ ಪದ್ಧತಿ ನಿಂತಿರುವುದೇ ಈ ಗುಣದ ಮೇಲೆ. ಕೈಗೆ ಹಚ್ಚುವ ಕ್ರೀಮ್, ಸೋಪಿನ ಪದರ, ಚರ್ಮದ ಎಣ್ಣೆ ಎಲ್ಲ ಹರಳಿನ ಕೆಳಭಾಗದಲ್ಲಿ ಸೇರಿಕೊಳ್ಳುತ್ತವೆ. ಮೇಲಿಂದ ಒಳಹೋದ ಬೆಳಕು ಆ ಕೆಳಗಿನ ಮುಖಗಳಿಗೆ ಬಡಿದು ಕಣ್ಣಿಗೆ ವಾಪಸ್ ಬರಬೇಕು. ಅಲ್ಲಿ ಜಿಡ್ಡಿದ್ದರೆ ಬೆಳಕು ಹಿಂದಿನಿಂದಲೇ ಸೋರಿಹೋಗುತ್ತದೆ. ಮೇಲ್ಮುಖವನ್ನು ಎಷ್ಟು ಒರೆಸಿದರೂ ಹೊಳಪು ಬಾರದಿರುವುದಕ್ಕೆ ಇದೇ ಕಾರಣ.

ನೀರಿಗೆ ಹಾಕುವ ಮೊದಲು ಹರಳು ಸಡಿಲವಾಗಿದೆಯೇ ನೋಡಿ. ಕಿವಿಯ ಹತ್ತಿರ ಹಿಡಿದು ಉಂಗುರದ ಬಳೆಯನ್ನು ಬೆರಳಿಂದ ಮೆಲ್ಲಗೆ ತಟ್ಟಿ. ಕಟಕಟ ಸದ್ದು ಬಂದರೆ ತೊಳೆಯಬೇಡಿ, ಹಾಕಿಕೊಳ್ಳಲೂ ಬೇಡಿ, ನೇರ ಅಕ್ಕಸಾಲಿಗರ ಹತ್ತಿರ ಒಯ್ಯಿರಿ. ಹರಳು ಹಿಡಿದಿರುವ ಪುಟ್ಟ ಲೋಹದ ಕೊಕ್ಕೆಗಳ, ಅಂದರೆ ಪ್ರಾಂಗ್‌ಗಳ ಮೇಲೆ ತೆಳು ಬಟ್ಟೆ ಎಳೆದು ನೋಡಿ. ದಾರ ಸಿಕ್ಕಿಕೊಂಡರೆ ಆ ಪ್ರಾಂಗ್ ಎದ್ದಿದೆ ಅಂತ ಅರ್ಥ. ಕೆಲವೊಮ್ಮೆ ಸಡಿಲ ಹರಳನ್ನು ಅಲ್ಲಾಡದಂತೆ ಹಿಡಿದಿರುವುದು ಕೊಳೆಯೇ! ಹಾಗಾಗಿ ತೊಳೆದ ಮೇಲೂ ಇನ್ನೊಮ್ಮೆ ತಟ್ಟಿ ನೋಡಿ.

ತೊಳೆಯುವುದು ಸುಲಭ. ಒಂದು ಬಟ್ಟಲು ಬೆಚ್ಚಗಿನ ನೀರಿಗೆ, ಅಂದರೆ ಬೆರಳು ಅದ್ದಿದರೆ ಹಿತವಾಗಿರುವಷ್ಟು ಬಿಸಿಗೆ, ಪಾತ್ರೆ ತೊಳೆಯುವ ಲಿಕ್ವಿಡ್ 3–4 ಹನಿ ಹಾಕಿ ಉಂಗುರವನ್ನು 20–30 ನಿಮಿಷ ನೆನೆಸಿಡಿ. ಚರ್ಮ ಮೆದುವಾಗಿಸುವ ಕೈಸೋಪು ಬೇಡ, ಅದೇ ಇನ್ನೊಂದು ಪದರ ಬಿಡುತ್ತದೆ. ಆಮೇಲೆ ಮಕ್ಕಳ ಮೆತ್ತನೆಯ ಟೂತ್‌ಬ್ರಶ್ ತೆಗೆದುಕೊಂಡು ಉಂಗುರವನ್ನು ಮಗುಚಿ ಹಿಡಿಯಿರಿ. ಬೆರಳು ತೂರಿಸುವ ಕಡೆಯಿಂದ ನೋಡಿದರೆ ಹರಳಿನ ಕೆಳಗೆ ಪುಟ್ಟ ಕಿಂಡಿ ಕಾಣುತ್ತದೆ. ಬ್ರಶ್ಶಿನ ಎಳೆಗಳು ಆ ಕಿಂಡಿಯೊಳಗೆ ಇಳಿಯಬೇಕು. ಒತ್ತಿ ಉಜ್ಜುವುದಲ್ಲ, ಎಳೆಗಳ ತುದಿಯಿಂದ ಕುಟ್ಟಿದ ಹಾಗೆ ಮಾಡಿ. ಬೂದುಬಣ್ಣದ ಲೋಳೆ ಹೊರಬಂದರೆ ಸರಿಯಾದ ಜಾಗಕ್ಕೆ ತಲುಪಿದ್ದೀರಿ. ಆಮೇಲೆ ಪ್ರಾಂಗ್‌ಗಳ ಸುತ್ತ, ಕೊನೆಗೆ ಮೇಲ್ಮುಖ.

ಜಾಲಿಸುವುದು ಇನ್ನೊಂದು ಬಟ್ಟಲಲ್ಲಿ, ಸಿಂಕಿನ ಮೇಲೆ ಬೇಡ. ಕೈಜಾರಿದರೆ ಉಂಗುರ ನೇರ ಪೈಪಿಗೆ. ಗಡಸು ನೀರಾದರೆ ಕೊನೆಯ ಸುತ್ತಿಗೆ ಡಿಸ್ಟಿಲ್ಡ್ ವಾಟರ್ ಬಳಸಿ, ಇಲ್ಲವಾದರೆ ಒಣಗಿದ ಮೇಲೆ ಬಿಳಿ ಕಲೆ ಉಳಿಯುತ್ತದೆ. ಟಿಶ್ಯೂ ಪೇಪರಿನ ನಾರು ಪ್ರಾಂಗಿಗೆ ಸಿಕ್ಕಿಕೊಳ್ಳುವುದರಿಂದ ಕನ್ನಡಕ ಒರೆಸುವ ಬಟ್ಟೆಯೇ ವಾಸಿ. ವಾರಕ್ಕೋ ಹದಿನೈದು ದಿನಕ್ಕೋ ಒಮ್ಮೆ ಇಷ್ಟು ಮಾಡಿದರೆ ಸಾಕು.

ಟೂತ್‌ಪೇಸ್ಟಿನ ಸವೆಸುವ ಪುಡಿ ವಜ್ರಕ್ಕೆ ಏನೂ ಮಾಡದು, ಆದರೆ ಚಿನ್ನದ ಮೇಲೆ ಕೂದಲೆಳೆಯಂಥ ಗೀರು ಬಿಡುತ್ತದೆ. ಬ್ಲೀಚ್ ಇದಕ್ಕಿಂತ ಕೆಟ್ಟದ್ದು. ಅದರ ಕ್ಲೋರಿನ್, ಚಿನ್ನಕ್ಕೆ ಬೆರೆಸಿದ ನಿಕ್ಕಲ್, ತಾಮ್ರದಂಥ ಲೋಹಗಳನ್ನು ತಿಂದು ಪ್ರಾಂಗಿನಲ್ಲಿ ಕಣ್ಣಿಗೆ ಕಾಣದ ಬಿರುಕು ತರುತ್ತದೆ. ಒಂದು ದಿನ ಪ್ರಾಂಗ್ ಪಟ್ಟನೆ ಮುರಿಯುತ್ತದೆ, ಹರಳು ಎಲ್ಲಿ ಬಿತ್ತೋ ಗೊತ್ತಾಗುವುದಿಲ್ಲ. ಈಜುಕೊಳದ ನೀರಿನಲ್ಲೂ ಕ್ಲೋರಿನ್ ಇರುತ್ತದೆ, ಸಾಲದ್ದಕ್ಕೆ ತಣ್ಣೀರಿಗೆ ಬೆರಳು ಸಣ್ಣಗಾಗಿ ಉಂಗುರ ಜಾರುತ್ತದೆ. ಇಳಿಯುವ ಮೊದಲೇ ತೆಗೆದಿಡಿ.

ಈಗ ಹರಳಿನ ಬದಲು ಉಂಗುರದ ಬಳೆಯೇ ಹಳದಿಗೆ ತಿರುಗಿದ ಹಾಗೆ ಕಂಡರೆ ಅದು ಕೊಳೆಯಲ್ಲ. ಬಿಳಿ ಚಿನ್ನಕ್ಕೆ ಸಾಮಾನ್ಯವಾಗಿ ರೋಡಿಯಂ ಎಂಬ ಬಿಳಿ ಲೋಹದ ಲೇಪ ಇರುತ್ತದೆ. ಅದು ಸವೆದಾಗ ಒಳಗಿನ ನಸುಹಳದಿ ಇಣುಕುತ್ತದೆ. ತೊಳೆದರೆ ಹೋಗದು, ಮತ್ತೆ ಲೇಪ ಹಾಕಿಸಬೇಕು. ಹಾಕುವ ಮೊದಲು ಪಾಲಿಶ್ ಮಾಡುತ್ತಾರೆ, ಪ್ರತಿ ಪಾಲಿಶ್‌ಗೂ ಸ್ವಲ್ಪ ಲೋಹ ಹೋಗುತ್ತದೆ. ಹಾಗಾಗಿ ಸುಮ್ಮಸುಮ್ಮನೆ ಮಾಡಿಸಬೇಡಿ.

ಮೇಲೆ ಹೇಳಿದ ನೆನೆಸುವ ವಿಧಾನ ವಜ್ರ, ಮಾಣಿಕ್ಯ, ನೀಲಕ್ಕೆ ಸರಿ. ಪಚ್ಚೆಗೆ ಬೇಡ: ಅದರ ಬಿರುಕುಗಳಿಗೆ ಎಣ್ಣೆ ತುಂಬಿರುವುದು ಸಾಮಾನ್ಯ, ಬಿಸಿ ನೀರು ಮತ್ತು ಶಬ್ದತರಂಗದಿಂದ ತೊಳೆಯುವ ಅಲ್ಟ್ರಾಸಾನಿಕ್ ಯಂತ್ರ ಆ ಎಣ್ಣೆಯನ್ನು ಹೊರಗೆಳೆದರೆ ಬಿರುಕು ಎದ್ದು ಕಾಣುತ್ತದೆ. ಮುತ್ತು, ಓಪಲ್‌ಗೂ ಒದ್ದೆ ಬಟ್ಟೆಯೇ ಸಾಕು. ಹರಳಿನ ಬೆನ್ನು ಪೂರ್ತಿ ಮುಚ್ಚಿ ಒಳಗೆ ಹೊಳೆಯುವ ಲೋಹದ ಹಾಳೆ ಇಟ್ಟಿದ್ದರಂತೂ ನೆನೆಸಲೇಬೇಡಿ, ನೀರು ನುಗ್ಗಿ ಹಾಳೆ ಕಪ್ಪಾಗುತ್ತದೆ.

ಉಂಗುರ ಕಳಚುವಾಗ ಹರಳನ್ನು ಹಿಡಿದು ಎಳೆಯುವ ಅಭ್ಯಾಸವಿದ್ದರೆ ಬಿಡಿ. ಜಿಡ್ಡೂ ಹತ್ತುತ್ತದೆ, ಪ್ರಾಂಗೂ ಸಡಿಲವಾಗುತ್ತದೆ. ಬಳೆಯ ಎರಡೂ ಬದಿ ಹಿಡಿದು ತಿರುಗಿಸುತ್ತಾ ತೆಗೆಯಿರಿ. ಬೇರೆ ಒಡವೆಗಳ ಜೊತೆ ಒಂದೇ ಡಬ್ಬಿಯಲ್ಲಿ ಇಡಬೇಡಿ, ವಜ್ರ ಎಲ್ಲವನ್ನೂ ಗೀರುತ್ತದೆ. ಆರು ತಿಂಗಳಿಗೊಮ್ಮೆ ಅಕ್ಕಸಾಲಿಗರು ಭೂತಗನ್ನಡಿಯಲ್ಲಿ ಪ್ರಾಂಗ್‌ಗಳನ್ನು ನೋಡಲಿ. ಇಷ್ಟು ತೊಳೆದ ಮೇಲೂ ಮಂಕಾಗಿಯೇ ಇದ್ದರೆ, ಹರಳನ್ನು ಕೆಳಗಿನಿಂದ ತೆಗೆದ ಒಂದು ಫೋಟೋ ಇಲ್ಲಿ ಹಾಕಿ.